ತಬಕದಲ್ಲಿ ಉಳಿದ ಎಲೆ

ಸ್ಫೂರ್ತಿ, ಆಕಾಶ, ಅಡುಗೆಮನೆಯ ಮಾಡದಲ್ಲಿರುವ ಹಿತ್ತಾಳೆ ತಬಕ ಯಾರದೆಂದು ಮೊನ್ನೆ ಇಬ್ಬರೂ ಕೇಳಿದಿರಿ. ಎದುರು ಕುಳಿತು ಹೇಳಲು ನನಗೆ ಬರುವುದಿಲ್ಲ, ನಿಮಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಅದರ ಅಂಚಿನಲ್ಲಿ ಎಲೆ, ಸುಣ್ಣದ ವಾಸನೆ ಉಳಿದಿದೆ. ಆ ವಾಸನೆಗೆ ನೆನಪಾದವರು ನಮ್ಮ ಸವಣೂರಿನ ಮನೆಯ ಎದುರಿಗಿದ್ದ ವಕೀಲರ ಸೊಸೆ.

ನಿಮ್ಮ ಅಜ್ಜ ಆಗ ಎಲೆತೋಟ ಮಾಡುತ್ತಿದ್ದರು. ಬುಟ್ಟಿಗಳು ಬಂದ ಮೇಲೆ ಕಟ್ಟೆಯ ಮೇಲೆ ಕುಳಿತು ಎಲೆ ಆರಿಸಿ ಕಟ್ಟು ಕಟ್ಟುವುದು ನನ್ನ ಕೆಲಸ. ಎದುರು ಮನೆಯವರು ವೈಷ್ಣವರು, ಓದಿನ ಮನೆತನ. ಆ ಸೊಸೆ ಹಾನಗಲ್ಲಿನವರು. ಮದುವೆಗೆ ಮೊದಲೇ ಕಾನೂನು ಓದಿದ್ದರು, ಮದುವೆಯ ನಂತರ ಧಾರವಾಡದಲ್ಲಿ ಮೇಲಿನ ಪದವಿಗೆ ಹೆಸರು ಹಚ್ಚಿದ್ದರು. ನಾನು ಅವರಿಗೆ ಬಾಯಾರು ಎನ್ನುತ್ತಿದ್ದೆ, ಅವರು ನನಗೆ ಅಕ್ಕ ಎನ್ನುತ್ತಿದ್ದರು. ಮಧ್ಯಾಹ್ನ ಮಗು ಮಲಗಿದ ಮೇಲೆ ಪುಸ್ತಕ ಹಿಡಿದು ನಮ್ಮ ಕಟ್ಟೆಗೆ ಬರುತ್ತಿದ್ದರು. ತಮ್ಮ ಮನೆಯಲ್ಲಿ ಪುಸ್ತಕ ತೆರೆದರೆ ಯಾರಾದರೂ ಏನಾದರೂ ಕೆಲಸ ಹೇಳುತ್ತಿದ್ದರು...

ಅವರು ಓದುತ್ತಿದ್ದುದು ಒಂದು ದೇಶದವರು ಇನ್ನೊಂದು ದೇಶದವರಿಗೆ ಮಾಲು ಮಾರುವ ಕರಾರುಗಳ ಕಾಯ್ದೆ. ಇಂಗ್ಲಿಷಿನಲ್ಲಿ ಓದಿ, ತಲೆಯಲ್ಲಿ ನಿಂತಿದೆಯೋ ಇಲ್ಲವೋ ನೋಡಲು ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತವಳು. ಎಲೆಯ ಮೇಲೆ ಹಾಕಿ ಹೇಳಿದರೆ ತಿಳಿಯುತ್ತಿತ್ತು. ನಮ್ಮ ಎಲೆ ಹಡಗಿನಲ್ಲಿ ಹೋಗುವಾಗ ಕೊಳೆತರೆ ಹಾನಿ ಕೊಟ್ಟವನದೋ, ಕೊಂಡವನದೋ? ಕರಾರಿನಲ್ಲಿ ಏನು ಮಾತಾಗಿದೆ, ಮಾಲು ಎಲ್ಲಿ ಕೈ ಬದಲಾಯಿತು, ಅದರ ಮೇಲೆ ಎನ್ನುತ್ತಿದ್ದರು. ಬಹಳ ದೇಶಗಳು ಕೂಡಿ ಇಂಥದೊಂದು ಕಾಯ್ದೆ ಒಪ್ಪಿವೆಯಂತೆ, ನಮ್ಮ ದೇಶ ಅದರಲ್ಲಿ ಸೇರಿಲ್ಲವಂತೆ. ಸೇರದ ಕಾಯ್ದೆ ಯಾಕೆ ಓದುತ್ತೀರಿ ಎಂದು ಕೇಳಿದೆ. ನಮ್ಮ ಮಾಲು ಕೊಳ್ಳುವವರು ಸೇರಿದ್ದಾರಲ್ಲ ಎಂದರು. ನಿಮ್ಮ ಅಜ್ಜ ತೋಟದಿಂದ ಬಂದವರು ನಮ್ಮನ್ನು ನೋಡಿ, "ಇನ್ನ ನಿನಗೂ ಒಂದು ಕರೇ ಕೋಟ್ ಹೊಲಿಸಬೇಕಾತು ನೋಡು" ಎಂದು ನನ್ನನ್ನು ಕಾಡುತ್ತಿದ್ದರು.

ಒಂದು ದಿನ ಹೇಳಿದ್ದು ಮಾತ್ರ ಮರೆತಿಲ್ಲ. ಈ ದರಕ್ಕೆ ಕೊಡುತ್ತೇನೆ ಎಂದು ಒಬ್ಬ ತಿಳಿಸುತ್ತಾನೆ, ಇನ್ನೊಬ್ಬ ಉತ್ತರವನ್ನೇ ಕೊಡುವುದಿಲ್ಲ. ಬರೀ ಸುಮ್ಮನಿದ್ದ ಮಾತ್ರಕ್ಕೆ ಅವನು ಒಪ್ಪಿದಂತಾಗುವುದಿಲ್ಲ. ಅವರಿಬ್ಬರಲ್ಲಿ ಮೊದಲಿನಿಂದ ಹಾಗೆ ರೂಢಿ ಇದ್ದರೆ ಆ ಮಾತು ಬೇರೆ.

"ಹಂಗಾದ್ರ ನನ್ನ ಲಗ್ನನ ಆಗಿಲ್ಲ ಬಿಡ್ರಿ ಬಾಯಾರ," ಎಂದೆ. "ಕೇಳಿದಾಗ ನಾ ನೆಲಾ ನೋಡ್ಕೋತ ಕುಂತಿದ್ದೆ."

ಅವರು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಕ್ಕರು.

ಕೊನೆಗೆ ಆ ಒಂದು ವಿಷಯದ ಪರೀಕ್ಷೆ ಮಾತ್ರ ಉಳಿದಿತ್ತು. ಅಷ್ಟರಲ್ಲಿ ಅತ್ತೆಯ ಮೊಣಕಾಲು ಹಿಡಿದುಕೊಂಡವು. ಗಂಡನ ನೌಕರಿ ಹಿರೇಕೆರೂರಿನಲ್ಲಿ, ರಜೆಗೆ ಬರುತ್ತಿದ್ದರು. ಪರೀಕ್ಷೆಯ ಹಿಂದಿನ ದಿನ ಸಂಜೆ ಮನೆಯ ಹಿರಿಯರು ಪಡಸಾಲೆಯಲ್ಲಿ ಕೂಡಿದರು. ಎಲೆ ತರಲು ಅತ್ತೆ ಹೇಳಿ ಕಳಿಸಿದ್ದರಿಂದ ನಾನೂ ಹೋಗಿದ್ದೆ. ಬಾಗಿಲ ಬಳಿ ಕುಳಿತು ಸುಣ್ಣ ಹಚ್ಚಿ, ತಲೆಗೊಂದರಂತೆ ಮಡಚಿ ಇದೇ ತಬಕದಲ್ಲಿ ಇಟ್ಟೆ. ಇನ್ನು ಓದು ಸಾಕು, ಪರೀಕ್ಷೆ ಬೇಡ, ಮನೆ ನೋಡಿಕೊಳ್ಳಲಿ ಎಂದು ಮಾತಾಯಿತು. ಬಾಯಾರು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಸುಮ್ಮನೆ ಕುಳಿತಿದ್ದರು. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮಾತು ಮುಗಿದ ಮೇಲೆ ತಬಕ ಎಲ್ಲರ ಮುಂದೆ ತಿರುಗುತ್ತಿತ್ತು, ಒಪ್ಪಿದವರು ಎಲೆ ತೆಗೆದುಕೊಳ್ಳುತ್ತಿದ್ದರು. ಅಂದೂ ತೆಗೆದುಕೊಂಡರು, ರಜೆಗೆ ಬಂದಿದ್ದ ಗಂಡನೂ ತೆಗೆದುಕೊಂಡರು. ಎಲೆ ಜಗಿಯುತ್ತ ಎದ್ದು ಹೋದರು. ತಬಕವನ್ನು ಯಾರೂ ತಿರುಗಿ ನೋಡಲಿಲ್ಲ.

ಮರುದಿನ ಬೆಳಗ್ಗೆ ನಾನು ಅಂಗಳಕ್ಕೆ ನೀರು ಹಾಕುತ್ತಿದ್ದೆ. ಶಿಗ್ಗಾವಿಯ ಮೇಲೆ ಹಾಯ್ದು ಧಾರವಾಡಕ್ಕೆ ಹೋಗುವ ಬಸ್ಸಿನ ಹೊತ್ತು. ಬಾಯಾರು ಹೆಗಲಿಗೆ ಚೀಲ, ಕಂಕುಳಲ್ಲಿ ಮಗು ಹೊತ್ತು ಹೊರಗೆ ಬಂದರು. ಹಿಂದೆಯೇ ಮಾವ ಬಂದರು. ನಿನ್ನೆ ಒಪ್ಪಿ ಇಂದು ಹೊರಟಿದ್ದೇಕೆ ಎಂದು ಕೇಳಿದರು, ದನಿ ಏರಿಸದೆ.

"ನಾ ಸುಮ್ಮನಿದ್ದೆ, ಮಾವನೋರ. ಒಪ್ಪಿರಲಿಲ್ಲ."

"ಈ ಮನ್ಯಾಗ ಸುಮ್ಮನಿದ್ರ ಒಪ್ಪಿದಂಗನ. ಅದು ರೂಢಿ."

"ರೂಢಿ ಎಲಿ ತಗೊಳ್ಳೋದು ಅದ. ನಾ ಎಲಿ ತಗೊಂಡಿಲ್ಲ."

ವಕೀಲರು ನನ್ನ ಕಡೆ ತಿರುಗಿದರು. "ತಬಕ ನಿನ್ನ ಮುಂದ ಇತ್ತಲ್ಲವಾ. ಖರೇ ಏನದ ಹೇಳು."

ಅಷ್ಟು ವರ್ಷ ಎದುರು ಬದುರು ಇದ್ದರೂ ನಾನು ಅವರ ಜೊತೆ ಒಂದು ಮಾತು ಆಡಿದವಳಲ್ಲ. ನಮ್ಮ ತೋಟದ ಬದುವಿನ ದಾವೆ ಬೇರೆ ಅವರ ಕೈಯಲ್ಲಿತ್ತು. ಸೆರಗು ಎಳೆದುಕೊಂಡು ಅವರ ಚಪ್ಪಲಿ ನೋಡುತ್ತ ನಿಂತೆ. ಬಾಯಾರು ನನ್ನತ್ತ ನೋಡಲೇ ಇಲ್ಲ, ನನಗೆ ಕಷ್ಟವಾಗಬಾರದೆಂದು ಇರಬೇಕು...

"ಒಂದು ಎಲಿ ಉಳಿದಿತ್ರಿ," ಎಂದೆ. "ಬಾಯಾರು ಮುಟ್ಟಲಿಲ್ಲ."

ವಕೀಲರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಕೂಸು ಯಾರ ಹತ್ತಿರ ಇರುತ್ತದೆ ಎಂದಷ್ಟೇ ಕೇಳಿದರು. ನಾನು ಕೊಡವನ್ನು ಕೆಳಗಿಟ್ಟು ಕೈ ಚಾಚಿದೆ. "ನಡಿ ಹಂಗಾರ, ಬಸ್ಸು ತಪ್ಪೀತು," ಎಂದು ಸೊಸೆಗೆ ಹೇಳಿ ಒಳಗೆ ಹೋದರು.

ಬಾಯಾರು ಪಾಸಾದರು. ಕೆಲವು ವರ್ಷ ಹಾನಗಲ್ಲಿನಲ್ಲಿ, ಮಾವಿನ ರಸ ಹೊರದೇಶಕ್ಕೆ ಕಳಿಸುವವರ ಕರಾರು ಓದಿಕೊಡುವ ಕೆಲಸ ಮಾಡಿದರು. ಆಮೇಲೆ ಗಂಡನ ಜೊತೆ ಊರೂರು ಸುತ್ತಿದರು. ಬಂದಾಗ ಕಟ್ಟೆಗೆ ಬಂದು ಕುಳಿತು ಹೋಗುತ್ತಿದ್ದರು. ಬರುವುದು ಕಡಿಮೆಯಾಯಿತು, ನಿಂತೂ ಹೋಯಿತು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನೂ ಆ ಮನೆ ಬಿಟ್ಟೆ.

ಹೋದ ತಿಂಗಳು ಅವರ ಮಗ ಹುಡುಕಿಕೊಂಡು ಬಂದ, ಅಂದು ನನ್ನ ಕೈಗೆ ಬಂದಿದ್ದ ಕೂಸು. ಬಾಯಾರು ಇನ್ನಿಲ್ಲ ಎಂದ. ಬೆಂಕಿಗೆ ಕೊಡುವ ಮುಂಚೆ ಮುಖ ನೋಡಲಾಗಲಿಲ್ಲ, ಆ ಕೊರಗು ಹಾಗೇ ಉಳಿಯಿತು. ತಬಕವನ್ನು ನನಗೆ ಕೊಡಲು ಹೇಳಿದ್ದರಂತೆ. ನಾನು ನೆಲ ನೋಡುತ್ತ ಕುಳಿತೆ. ಅವನು ತಬಕ ಹಿಡಿದುಕೊಂಡೇ ಕುಳಿತಿದ್ದ.

"ಬೇಕೋ ಬ್ಯಾಡೋ ಬಾಯಿಬಿಟ್ಟು ಹೇಳ್ರಿ ದೊಡ್ಡವ್ವ. ಸುಮ್ಮನಿದ್ರ ಇಟ್ಟು ಹೋಗಂಗಿಲ್ಲ ನಾ. ಅಮ್ಮ ಹಂಗ ಕಲಿಸ್ಯಾಳ."

ಬೇಕು ಎಂದೆ.

ಈ ಹಾಳೆಗಳನ್ನು ತಬಕದಲ್ಲಿ ಇಡಬೇಡಿರಿ, ಎಲೆಯ ಪಸೆಗೆ ಅಕ್ಷರ ಅಳಿಸಿಹೋಗುತ್ತವೆ. ನಿಮ್ಮ ಪುಸ್ತಕಗಳ ನಡುವೆ, ಒಣಗಿದ ಕಡೆ ಇಡಿರಿ. ಓದಿ ಸುಮ್ಮನಾಗಬೇಡಿ. ಇಡುತ್ತೇವೆ ಎಂದು ಒಂದು ಮಾತು ಬಂದು ಹೇಳಿರಿ.