ಅಜ್ಜಿಯ ಸೀರೆಗಳಲ್ಲಿ ಗುಂಡಿನ ದಾರಿ

ತೆಂಗಿನೆಣ್ಣೆ ಸವರಿದ ಕಬ್ಬಿಣಕ್ಕೆ ಅದರದೇ ಒಂದು ವಾಸನೆಯಿದೆ. ಮೊನ್ನೆ ಸೊಸೆ ತುಕ್ಕು ಹಿಡಿದ ಚಿಲಕಕ್ಕೆ ಎಣ್ಣೆ ಹಚ್ಚುತ್ತಿದ್ದಾಗ ಅದು ಮೂಗಿಗೆ ಬಡಿಯಿತು. ಅಂಕೋಲೆಯಿಂದ ಕೇಣಿಗೆ ಹೋಗುವ ದಾರಿ ಬಿಟ್ಟು ಒಳಗೆ, ಗುಡ್ಡದ ಬುಡದಲ್ಲಿದ್ದ ನಮ್ಮ ಹುಲ್ಲುಮಾಡಿನ ಮನೆ, ಸೆಗಣಿ ಸಾರಿಸಿದ ತಂಪು ಜಗುಲಿ, ಅಲ್ಲಿ ಕಾಲು ಚಾಚಿ ರೈಫಲ್ಲಿನ ನಳಿಗೆ ಒರೆಸುತ್ತಿದ್ದ ದೊಡ್ಡಪ್ಪ, ಎಲ್ಲವೂ ಆ ವಾಸನೆಯ ಬೆನ್ನಿಗೇ ಬಂದವು. ನಿಮಗೂ ಇಂಥದೊಂದು ಜಗುಲಿ ಇದ್ದಿರಬಹುದು, ಈಗ ಹುಡುಕಿಕೊಂಡು ಹೋದರೆ ಸಿಗದಂಥದು.

ದೊಡ್ಡಪ್ಪ ಬೊಮ್ಮಯ್ಯ, ನನ್ನಪ್ಪನ ಅಣ್ಣ. ಮೊದಲ ಮಹಾಯುದ್ಧಕ್ಕೆ ಪಲ್ಟಣದ ಜೊತೆ ಸಮುದ್ರ ದಾಟಿ ಹೋಗಿ, ಒಳ್ಳೆಯ ಗುರಿಕಾರನೆಂಬ ಹೆಸರು ಹೊತ್ತು ಮರಳಿದವನು. ಕಾರವಾರದಲ್ಲಿದ್ದ ಬಿಳಿ ಸಾಹೇಬನೊಬ್ಬ ತನ್ನ ದೇಶಕ್ಕೆ ಹೊರಟಾಗ ಶಿಕಾರಿಯ ಹಳೆ ರೈಫಲ್ಲನ್ನು ಅವನಿಗೆ ಕೊಟ್ಟುಹೋದ. ಗುಡ್ಡದಿಂದ ಇಳಿದು ಬರುವ ಕಾಡುಹಂದಿಗಳು ನಮ್ಮ ಕಬ್ಬನ್ನು ವರ್ಷವರ್ಷವೂ ಮಲಗಿಸುತ್ತಿದ್ದವು. ಇನ್ನು ಅವುಗಳ ಕಾಟ ಮುಗಿಯಿತೆಂದು ನಾವು ಹಿಗ್ಗಿದೆವು. ಆದರೆ ಗದ್ದೆ ಕಾಯಲು ಕಟ್ಟಿದ ಅಟ್ಟಣೆ, ಮಾಳದ ಮೇಲೆ ಕೂತು ದೊಡ್ಡಪ್ಪ ಹೊಡೆದ ಗುಂಡು ಒಂದೂ ತಾಗಲಿಲ್ಲ. ಊರಲ್ಲಿ ನಗೆ ಹಬ್ಬಿತು. ಅವನು ಪೇಟೆಗೆ ಹೋಗುವುದನ್ನೇ ಬಿಟ್ಟ. ಈ ಸಲವೂ ಹಂದಿ ತಿಂದರೆ ಇನ್ನು ಕಬ್ಬನ್ನೇ ಹಾಕುವುದಿಲ್ಲವೆಂದು ಅಜ್ಜಿ ಹೇಳಿಬಿಟ್ಟಳು. ಕಬ್ಬಿಲ್ಲವೆಂದರೆ ಆಲೆಮನೆಯಿಲ್ಲ, ಬಿಸಿಬೆಲ್ಲವಿಲ್ಲ. ನಮಗೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಸಂಕಟ ಇರಲಿಲ್ಲ.

ಒಂದು ಮಧ್ಯಾಹ್ನ ಊಟದ ತಟ್ಟೆಯ ಮುಂದೆ ದೊಡ್ಡಪ್ಪ ತಗ್ಗಿದ ದನಿಯಲ್ಲಿ, "ಅವ್ವೀ, ನನ್ನ ಕಣ್ಣೇ ಹೋಯ್ತು ಕಾಣ್ತದೆ" ಎಂದ. ಅಜ್ಜಿ ಬಡಿಸುವುದನ್ನು ನಿಲ್ಲಿಸಿ ಮಗನ ಮುಖ ನೋಡಿದಳು.

"ಮೀನಿನ ಮುಳ್ಳು ನನ್ಗಿಂತ ಚೊಲೋ ಬಿಡಿಸ್ತೆ. ಕಣ್ಣಿಗೆ ಎಂತ ಆಗದೆ? ಆ ಗುಂಡು ಎಲ್ಲಿ ಹೋಗ್ತದೆ, ಅದ್ನ ನೋಡು ಮೊದ್ಲು."

ಆ ಮಾತು ಅವನ ತಲೆಯೊಳಗೆ ಕೂತಿತು. ಮರುದಿನ ಬೆಳಿಗ್ಗೆ, ಗೋದಡಿ ಹೊಲಿಯಲೆಂದು ಅಜ್ಜಿ ಕೂಡಿಟ್ಟಿದ್ದ ಹಳೆ ಸೀರೆಗಳನ್ನೆಲ್ಲ ಕೇಳಿ ಪಡೆದ. ಹಂದಿಗಳು ಕಬ್ಬಿಗೆ ದಾಟಿ ಬರುವ, ಬತ್ತ ಕೊಯ್ದು ಬರಿದಾಗಿದ್ದ ಗದ್ದೆಯಲ್ಲಿ, ಮಾಳದಿಂದ ಗುಡ್ಡದ ಬುಡದವರೆಗೂ ಬಿದಿರು ನೆಟ್ಟು, ದೂರದ ತುದಿಯಿಂದ ಶುರುಮಾಡಿ ಒಂದರ ಮುಂದೆ ಒಂದು ಸೀರೆ ಕಟ್ಟಿದರು. ದೊಡ್ಡಪ್ಪ ಮಾಳದಲ್ಲಿ ರೈಫಲ್ಲನ್ನು ಮರಳಚೀಲದ ಮೇಲಿಟ್ಟು ಕಣ್ಣು ಹೂಡಿದ. ಒಂದೊಂದು ಸೀರೆ ಕಟ್ಟಿದಾಗಲೂ ತನ್ನ ನೋಟ ಎಲ್ಲಿ ಬೀಳುತ್ತದೆಂದು ಕೂಗಿ ಹೇಳಿದ, ಅಪ್ಪ ಅಲ್ಲಿ ಇದ್ದಲಿನಿಂದ ಗುರುತು ಹಾಕಿದ. ಕೇರಿಯವರೆಲ್ಲ ನಗಲಿಕ್ಕೆಂದೇ ಬಂದು ಅವನ ಬೆನ್ನ ಹಿಂದೆ ಸೇರಿದ್ದರು. ಗುಂಡು ಹಾರಿತು. ಗುಡ್ಡದ ಮಣ್ಣಿನಿಂದ ಧೂಳೆದ್ದಿತು. ನಾವು ಓಡಿದೆವು.

ಮೊದಲ ಸೀರೆಯಲ್ಲಿ ತೂತು ಗುರುತಿನ ಪಕ್ಕದಲ್ಲೇ ಇತ್ತು. ಮುಂದಿನದರಲ್ಲಿ ಮೇಲೆ, ಅದರ ಮುಂದಿನದರಲ್ಲಿ ಇನ್ನೂ ಮೇಲೆ. ಗದ್ದೆಯ ನಡುವೆ ಗುರುತಿಗಿಂತ ಒಂದು ಗೇಣು ಮೇಲಿತ್ತು. ಆಮೇಲೆ ಇಳಿಯುತ್ತ ಇಳಿಯುತ್ತ, ಗುಡ್ಡದ ಬುಡದ ಕೊನೆಯ ಸೀರೆಯಲ್ಲಿ ಸರಿಯಾಗಿ ಇದ್ದಲಿನ ಗುರುತನ್ನೇ ತೂರಿ ಹೋಗಿತ್ತು. ದೊಡ್ಡಪ್ಪ ಆ ತೂತಿನಲ್ಲಿ ಕಿರುಬೆರಳಿಟ್ಟು ನೋಡಿದ. ಅವನ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

"ಗುಂಡು ದಾರ ಎಳ್ದ ಹಂಗೆ ಹೋಗೂದಲ್ಲ ತಂಗೀ" ಎಂದು ನನಗೆ ಹೇಳಿದ. "ನೀ ಮಾವಿನಕಾಯಿಗೆ ಕಲ್ಲು ಬೀಸ್ತೆ ಅಲ್ದೇ, ಹಂಗೇಯ. ಏರ್ತದೆ, ಇಳೀತದೆ."

ಸಾಹೇಬ ದೂರದ ಬೇಟೆಗೆಂದು ರೈಫಲ್ಲಿನ ಗುರಿಕಣ್ಣನ್ನು ಹೊಂದಿಸಿ ಗುರಿ ಕೂಡಿಸಿಟ್ಟಿದ್ದ. ನಮ್ಮ ಹಂದಿಗಳು ಗದ್ದೆಯ ನಡುವೆ, ಗುಂಡು ಎಲ್ಲಕ್ಕಿಂತ ಎತ್ತರದಲ್ಲಿ ಹಾರುವ ಜಾಗದಲ್ಲೇ, ನಿಲ್ಲುತ್ತಿದ್ದವು. ಹಾಗಾದರೆ ನಡುಗದ್ದೆಗೇ ಗುರಿ ಕೂಡಿಸೆಂದು ಅಪ್ಪ ಹೇಳಿದ. ದೊಡ್ಡಪ್ಪ ಒಪ್ಪಲಿಲ್ಲ. ಅಷ್ಟು ಹತ್ತಿರಕ್ಕೆ ಕೂಡಿಸಿದರೆ ಗುಡ್ಡದಂಚಿನ ಹಂದಿಯ ಕಾಲಡಿಗೆ ಗುಂಡು ಬೀಳುತ್ತದೆ. ನಡುಗದ್ದೆಯಿಂದ ತುಸು ಆಚೆಗೆ ಕೂಡಿಸಿದರೆ ಹತ್ತಿರ ನಾಲ್ಕು ಬೆರಳು ಮೇಲೆ, ದೂರದಲ್ಲಿ ಸ್ವಲ್ಪ ಕೆಳಗೆ, ಹಂದಿಯ ಎದೆ ಅದಕ್ಕಿಂತ ಅಗಲ ಎಂದು ವಿವರಿಸಿದ. ಗುಂಡು ತಗ್ಗಲೆಂದು, ನಳಿಗೆಯ ಹಿಂತುದಿಯಲ್ಲಿ ಕಣ್ಣಿಟ್ಟು ನೋಡುವ ಗುರಿಕಣ್ಣಿನ ಸೀಳನ್ನು ಅರದಿಂದ ತೇಯ್ದು ಆಳ ಮಾಡಿದ, ಹೊಡೆದು ನೋಡಿದ, ಮತ್ತೆ ತೇಯ್ದ. ಪ್ರತಿ ಸಲವೂ ನಾವು ಓಡಿಹೋಗಿ ಹೊಸ ತೂತು ಹುಡುಕಿದೆವು. ಸೀರೆಗಳು ಜರಡಿಯಾದವು. ಬಯ್ಯಲು ಬಂದ ಅಜ್ಜಿ ಒಂದು ತೂತಿನೊಳಗಿಂದ ಇಣುಕಿ, ನನ್ನ ಮುಖ ಕಂಡು ನಕ್ಕುಬಿಟ್ಟಳು.

ಅದಾಗಿ ಕೆಲವೇ ದಿನಕ್ಕೆ, ಬೆಳಗಿನ ಮಂಜು ಹರಿಯುವ ಹೊತ್ತಿಗೆ, ಮಾಳದಿಂದ ಒಂದೇ ಗುಂಡಿನ ಸದ್ದು ಬಂತು. ಅಂಗಳದಲ್ಲಿದ್ದ ಅಜ್ಜಿ ಪೊರಕೆ ಹಿಡಿದುಕೊಂಡೇ ಕಾದಳು. ದೊಡ್ಡಪ್ಪ ಗದ್ದೆಯ ಬದುವಿನ ಮೇಲೆ ನಿಧಾನಕ್ಕೆ ನಡೆದು ಬಂದ. "ಬಿತ್ತು ಅವ್ವೀ" ಎಂದ, ಅಷ್ಟೇ. ಹಂದಿಯ ಹಿಂಡು ಆ ವರ್ಷ ಮತ್ತೆ ಇಳಿಯಲಿಲ್ಲ. ನಕ್ಕವರ ಮನೆಗಳಿಗೂ ಬಿದ್ದ ಹಂದಿಯ ಮಾಂಸದ ಪಾಲು ಹೋಯಿತು. ಕಬ್ಬು ತಲೆಯೆತ್ತಿ ನಿಂತಿತು. ಆಲೆಮನೆಯ ಕೊಪ್ಪರಿಗೆ ಕುದಿಯುವಾಗ ದೊಡ್ಡಪ್ಪ ಬಾಳೆಲೆಯ ತುಂಡಿನಲ್ಲಿ ಬಿಸಿಬೆಲ್ಲ ಹಾಕಿ, ಊದಿ ಊದಿ ಆರಿಸಿ ನನ್ನ ಕೈಗಿತ್ತ.

ಆ ಹಬೆಯ ಸುತ್ತ ನಿಂತವರೆಲ್ಲ ಒಬ್ಬೊಬ್ಬರಾಗಿ ಹೋದರು. ಮನೆಯ ಮಾಡು ಕುಸಿಯಿತು, ಮಣ್ಣಿನ ಗೋಡೆಯನ್ನು ಮಳೆಗಾಲಗಳು ಕರಗಿಸಿದವು. ಕಳೆದ ಸಲ ಹೋದಾಗ ಅಡುಗೆಮನೆ ಇದ್ದ ಜಾಗದಲ್ಲಿ ತುಂಬೆ ಹೂಬಿಟ್ಟಿತ್ತು, ಯಾರದೋ ಕರು ಮೇಯುತ್ತಿತ್ತು. ಜೊತೆಗೆ ಬಂದವರು ಅದನ್ನು ಅಟ್ಟಲು ಹೋದರು. ಮೇಯಲಿ ಬಿಡಿ ಎಂದೆ.