ನಾಗರತ್ನಾಳ ವರದಿ, ಬೀರವ್ವನ ಹತ್ತು ಬೆರಳು

ಹಲಗೇರಿಯ ನಾಗರತ್ನಾ ಸೈಬರ್ ಭದ್ರತೆಯ ಪದವಿಗೆ ಸೇರುವ ಮೊದಲೇ ರಾಣೆಬೆನ್ನೂರಿನ ಅರ್ಧ ಊರಿನ ಪಾಸ್‌ವರ್ಡು ಅವಳಿಗೆ ಬಾಯಿಪಾಠವಾಗಿತ್ತು. ಕದ್ದದ್ದಲ್ಲ. ಪಿಯುಸಿ ಮುಗಿಸಿ ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಮೂರು ವರ್ಷ ಕೂತಿದ್ದಳು. ಅರ್ಜಿ ತುಂಬಿಸಲು ಬಂದವರು ಕೌಂಟರಿನ ಆಚೆ ನಿಂತು, ಬೆನ್ನ ಹಿಂದಿನ ಎಂಟು ಜನಕ್ಕೂ ಕೇಳುವಂತೆ ಪಾಸ್‌ವರ್ಡು ಕೂಗಿ ಹೇಳುತ್ತಿದ್ದರು. ಮನೆದೇವರ ಹೆಸರು, ಅದರ ಮುಂದೆ ಒಂದು ಎರಡು ಮೂರು. ಅಡ್ಡಹೆಸರು ಕೇಳಿದರೆ ಮನೆದೇವರು ಯಾವುದೆಂದು ಹೇಳಬಹುದಾದ ಸೀಮೆಯಲ್ಲಿ ಇದಕ್ಕಿಂತ ಬಾಗಿಲು ತೆರೆದಿಟ್ಟು ಮಲಗುವುದೇ ಮೇಲು ಎಂದು ಅವಳಿಗೆ ಅನಿಸುತ್ತಿತ್ತು.

ಅಷ್ಟರಲ್ಲಿ ಹಾವೇರಿಯ ಕಾಲೇಜೊಂದು ಅಪ್ರೆಂಟಿಸ್ ಪದವಿ ಶುರುಮಾಡಿತು. ವಾರದಲ್ಲಿ ಎರಡು ದಿನ ಪಾಠ, ನಾಲ್ಕು ದಿನ ಯಾವುದಾದರೊಂದು ಸಂಸ್ಥೆಯಲ್ಲಿ ಕೆಲಸ, ಕೆಲಸಕ್ಕೆ ತಿಂಗಳ ಸ್ಟೈಪೆಂಡು. ತಾಯಿ ಸುಶೀಲವ್ವ ಪೂರ್ತಿ ಕೇಳಿಸಿಕೊಂಡು, "ಕಲಿಯಾಕ ಹೋದವರಿಗೆ ಅವರೇ ರೊಕ್ಕಾ ಕೊಡ್ತಾರಂದ್ರ ಅದು ಸಾಲಿ ಅಲ್ಲವಾ, ಮೋಸ ಐತಿ" ಎಂದಳು. ಪುಕ್ಕಟೆ ಬಂದದ್ದನ್ನು ಮೊದಲು ಅನುಮಾನಿಸು ಎಂಬುದೇ ಆ ಪದವಿಯ ಮೊದಲ ಪಾಠವೆಂದು ನಾಗರತ್ನಾಳಿಗೆ ಆಮೇಲೆ ತಿಳಿಯಿತು. ತಾಯಿ ಅದನ್ನು ಒಲೆಯ ಮುಂದೆಯೇ ಮುಗಿಸಿದ್ದಳು.

ಸಹಪಾಠಿಗಳಿಗೆ ಬ್ಯಾಂಕು, ಆಸ್ಪತ್ರೆ, ಎ.ಸಿ. ಇರುವ ಕಚೇರಿಗಳು ಸಿಕ್ಕವು. ನಾಗರತ್ನಾಳ ಪಾಲಿಗೆ ಬಂದದ್ದು ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್. ಅಲ್ಲಿಯೂ ತಂಪಿತ್ತು, ಆದರೆ ಅದು ಮೆಣಸಿನಕಾಯಿಗೆ. ಮಾಲಕ ಶಂಭುಲಿಂಗ ಅವಳನ್ನು ತೆಗೆದುಕೊಂಡದ್ದಕ್ಕೆ ಎರಡು ಕಾರಣ. ಹೊರದೇಶದ ಖರೀದಿದಾರನೊಬ್ಬ ನಿಮ್ಮ ಕಂಪ್ಯೂಟರು ಸುರಕ್ಷಿತವೇ ಎಂದು ಪತ್ರ ಬರೆದಿದ್ದ. ಸ್ಟೈಪೆಂಡಿನಲ್ಲಿ ಒಂದು ಪಾಲು ಸರಕಾರ ಕೊಡುತ್ತದೆ ಎಂದು ಯಾರೋ ಹೇಳಿದ್ದರು. ಎರಡನೆಯ ಕಾರಣ ಅವನಿಗೆ ಬೇಗ ಅರ್ಥವಾಯಿತು.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಮೂಗಿಗೆ ಯಾರೂ ತಿಳಿಸಿಲ್ಲ. ಮೊದಲ ವಾರ ನಾಗರತ್ನಾ ಸೀನಿದ್ದೇ ಹೆಚ್ಚು. ಎರಡನೆಯ ವಾರ ಎಲ್ಲ ಕಂಪ್ಯೂಟರುಗಳ ಪಾಸ್‌ವರ್ಡು ಬದಲಾಯಿಸಿದಳು. ಮೂರನೆಯ ವಾರ ನೋಡಿದರೆ ಹೊಸ ಪಾಸ್‌ವರ್ಡುಗಳು ಗೋಡೆಯ ಕ್ಯಾಲೆಂಡರಿನ ಮೇಲೆ, ಏಕಾದಶಿಯ ಪಕ್ಕ, ಅಂದವಾದ ಅಕ್ಷರದಲ್ಲಿ ಕಂಡವು.

ಸೆಮಿಸ್ಟರಿನ ಕೊನೆಗೆ ಪ್ರತಿಯೊಬ್ಬರೂ ತಾವು ಕೆಲಸ ಮಾಡುವಲ್ಲಿಯ ಒಂದು ವ್ಯವಸ್ಥೆಯನ್ನು ಪರೀಕ್ಷಿಸಿ ವರದಿ ಬರೆಯಬೇಕಿತ್ತು. ವರದಿಯ ಕೊನೆಗೆ ಮಾಲಕರ ಸಹಿ ಬೇಕು. ಶನಿವಾರದೊಳಗೆ ಸಹಿಯಾದ ವರದಿ ಕಾಲೇಜಿಗೆ ಮುಟ್ಟದಿದ್ದರೆ ಆರು ತಿಂಗಳ ಕೆಲಸ ನೀರಿನಲ್ಲಿ ಹೋಮ. ಶಂಭುಲಿಂಗ ತಾನು ಹೋದ ವರ್ಷ ಕೊಂಡ ಹಾಜರಿಯ ಥಂಬ್ ಮಷೀನನ್ನು ಹೆಮ್ಮೆಯಿಂದ ತೋರಿಸಿ, ಇದನ್ನೇ ಪರೀಕ್ಷೆ ಮಾಡು, ಇದರಲ್ಲಿ ಒಂದೂ ತಪ್ಪು ಸಿಗುವುದಿಲ್ಲ ಎಂದ.

ಮಷೀನು ಇದ್ದದ್ದು ತೊಟ್ಟು ಬಿಡಿಸುವ ಶೆಡ್ಡಿನ ಬಾಗಿಲಲ್ಲಿ. ಒಂಬತ್ತು ಹೆಂಗಸರು ಅಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಹತ್ತನೆಯವಳು ಬೀರವ್ವ. ಅವಳು ಎಂಟು ವರ್ಷದ ಹಿಂದೆ ತೊಟ್ಟು ಬಿಡಿಸುವುದನ್ನು ಬಿಟ್ಟು ಈಗ ಕಸ ಹೊಡೆದು, ನೀರು ತುಂಬಿ, ಚಹಾ ಮಾಡುತ್ತಿದ್ದಳು. ನಾಗರತ್ನಾ ಆರು ವಾರದ ದಾಖಲೆ ತೆಗೆದು ನೋಡಿದಳು. ದಿನಾಲೂ ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಹೆಂಗಸರು ನಾಲ್ಕು ಸೆಕೆಂಡಿಗೊಬ್ಬರಂತೆ, ಅದೇ ಕ್ರಮದಲ್ಲಿ, ಒಬ್ಬರ ಹಿಂದೊಬ್ಬರು ಒಳಗೆ ಬಂದಿದ್ದರು. ಇಷ್ಟು ಶಿಸ್ತು ಪೊಲೀಸ್ ಪರೇಡಿನಲ್ಲಿಯೂ ಇರುವುದಿಲ್ಲ. ಬ್ಯಾಡಗಿಯಲ್ಲಂತೂ ಬಸ್ ಹತ್ತುವಾಗ ಅವಳು ದಿನಾ ನೋಡುತ್ತಿದ್ದದ್ದು ಬೇರೆಯದೇ.

ಮರುದಿನ ಅವಳು ಮುಂಚೆಯೇ ಬಂದು ಶೆಡ್ಡಿನ ಕಂಬದ ಬಳಿ ನಿಂತಳು. ಬೀರವ್ವ ಬಂದಳು, ಸೆರಗಿಗೆ ಕೈ ಒರೆಸಿಕೊಂಡಳು, ಬಲಗೈ ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಮಷೀನಿನ ಮೇಲೆ ಇಡುತ್ತ ಹೋದಳು. ಪ್ರತಿ ಬೆರಳಿಗೂ ಮಷೀನು ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಎಂದಿತು. ಎಡಗೈಯ ಉಂಗುರಬೆರಳನ್ನು ಮಾತ್ರ ಅವಳು ಮಡಚಿಕೊಂಡಳು.

"ಇದೇನ್ರಿ ಆಯಿ?"

ಬೀರವ್ವ ಬೆಚ್ಚಲಿಲ್ಲ. ಬೆರಳು ಎಣಿಸಿ ತೋರಿಸಿದಳು. "ಇದು ನಾನು. ಇದು ಸುಶ್ಮಿತಾ. ಇದು ಸಾಜಿಯಾ. ಈ ಮಡಚಿದ್ದು ಗುತ್ತೆವ್ವ. ಆಕಿ ಇವತ್ತ ಮೋಟೆಬೆನ್ನೂರಿಗೆ ಹೋಗ್ಯಾಳ, ಬಂದಿಲ್ಲ. ಬರದಾಕಿನ್ನ ಬಂದಾಳ ಅಂತ ಹ್ಯಾಂಗ ಒತ್ತಲಿ?"

ನಡೆದದ್ದು ಇಷ್ಟು. ವರ್ಷಗಟ್ಟಲೆ ತೊಟ್ಟು ಬಿಡಿಸಿದವರ ಬೆರಳ ತುದಿಯ ಗೆರೆಗಳು ಸವೆದು ಹೋಗಿದ್ದವು. ಮಷೀನು ಒಂಬತ್ತು ಜನರಿಗೂ ಮತ್ತೊಮ್ಮೆ ಪ್ರಯತ್ನಿಸಿ ಎನ್ನುತ್ತಿತ್ತು, ಕಚೇರಿ ಗೈರುಹಾಜರಿ ಎನ್ನುತ್ತಿತ್ತು. ಕೆಲಸ ಬಿಟ್ಟ ಬೀರವ್ವನ ಗೆರೆಗಳು ಮಾತ್ರ ಮತ್ತೆ ಮೂಡಿದ್ದವು. ಅವಳು ಹೆಬ್ಬೆರಳು ಇಟ್ಟು ಒಂದು ಗುಂಡಿ ಒತ್ತಿದರೆ ಹೆಸರು, ಬೆರಳು ಸೇರಿಸುವ ಬೇರೆಯದೇ ಪುಟ ತೆರೆಯುತ್ತದೆ ಎಂಬುದನ್ನು ಹತ್ತನೇ ಇಯತ್ತೆ ಓದಿದ ಸುಶ್ಮಿತಾ ಕಂಡುಹಿಡಿದಿದ್ದಳು. ಅಂದಿನಿಂದ ಬೀರವ್ವನ ಉಳಿದ ಒಂಬತ್ತು ಬೆರಳು ಒಂಬತ್ತು ಹೆಂಗಸರ ಹೆಸರಿಗೆ ಸೇರಿದವು.

"ಇದು ತಪ್ಪಾಗತೈತಿ ಆಯಿ" ಎಂದಳು ನಾಗರತ್ನಾ.

"ಎದುರಿಗೆ ನಿಂತಾಕಿಗೆ ನೀ ಇಲ್ಲ ಅಂತೈತಲ್ಲ, ಅದು ತಪ್ಪಲ್ಲೇನು?"

ಇದನ್ನು ವರದಿಯಲ್ಲಿ ಬರೆಯಬೇಕೇ ಎಂದು ನಾಗರತ್ನಾ ಲೆಕ್ಕ ಹಾಕಿದಳು. ಬರೆದರೆ ಹತ್ತು ಜನರ ಕೆಲಸ ಹೋಗಬಹುದು. ಬರೆಯದಿದ್ದರೆ ವರದಿ ಸುಳ್ಳಾಗುತ್ತದೆ. ಅವಳಿಗೆ ತೋಚಿದ್ದು ಒಂದೇ ದಾರಿ, ಪೂರ್ತಿ ಅಳೆದು ನೋಡುವುದು. ತೊಟ್ಟು ಬಿಡಿಸಿದ ಕಾಯಿಗೆ ಪ್ರತಿ ಹೆಂಗಸಿಗೂ ದಿನಾ ಒಂದು ತೂಕದ ಚೀಟಿ ಇರುತ್ತಿತ್ತು. ಎರಡು ದಿನ ಕೂತು ಮೂವತ್ತಾರು ದಿನದ ಚೀಟಿಗಳನ್ನು ಮಷೀನಿನ ಹಾಜರಿಯ ಜೊತೆ ಹೋಲಿಸಿದಳು. ಹಾಜರಿ ಮುನ್ನೂರ ಆರು, ಚೀಟಿ ಮುನ್ನೂರ ಎಂಟು. ಸುಳ್ಳು ಹಾಜರಿ ಒಂದೂ ಇರಲಿಲ್ಲ. ಹೆಚ್ಚಿಗೆ ಬಂದ ಎರಡೂ ಚೀಟಿ ಸಾಜಿಯಾಳವು. ಅವಳು ಎರಡು ದಿನ ಕೆಲಸ ಮಾಡಿಯೂ ಗೈರುಹಾಜರಾಗಿದ್ದಳು. ವಿಚಾರಿಸಿದರೆ, ಆ ಎರಡು ದಿನ ಬೀರವ್ವನ ನಡುಬೆರಳು ರೊಟ್ಟಿಯ ಹಂಚಿಗೆ ತಾಗಿ ಬೊಬ್ಬೆ ಎದ್ದಿತ್ತಂತೆ.

ಶುಕ್ರವಾರ ವರದಿಯನ್ನು ಶಂಭುಲಿಂಗನ ಮೇಜಿನ ಮೇಲೆ ಇಟ್ಟಳು. ಅವನು ಮೊದಲ ಹಾಳೆ ಓದಿ ಕೆಂಪಾದ. ಗೋದಾಮಿನಲ್ಲಿದ್ದ ಮಾಲಿನ ಬಣ್ಣವೇ ಬಂತು.

"ಹತ್ತೂ ಮಂದೀನ್ನ ಇವತ್ತ ಬಿಡಸ್ತೇನಿ."

"ಎರಡನೇ ಹಾಳಿ ಓದ್ರಿ ಸಾವ್ಕಾರ್ರ" ಎಂದಳು ನಾಗರತ್ನಾ. ತಾನೇ ಹಾಳೆ ತಿರುವಿ ಇಟ್ಟಳು.

ಎರಡನೆಯ ಹಾಳೆಯಲ್ಲಿ ಚೀಟಿಗಳ ಕೋಷ್ಟಕವಿತ್ತು. ಮೂರನೆಯದರಲ್ಲಿ ಇನ್ನೊಂದು ವಿಷಯ. ಆ ಮಷೀನಿನಲ್ಲಿ ಮೊದಲು ನೋಂದಾಯಿಸಿದ ಬೆರಳೇ ಯಜಮಾನ, ಮಷೀನಿನ ಭಾಷೆಯಲ್ಲಿ ಅಡ್ಮಿನ್. ಯಾರನ್ನು ಸೇರಿಸಬೇಕು, ಯಾರನ್ನು ತೆಗೆಯಬೇಕು ಎಂಬ ಅಧಿಕಾರವೆಲ್ಲ ಆ ಬೆರಳಿಗೆ.

"ಆ ಬಳ್ಳು ಬೀರವ್ವಂದೈತ್ರಿ. ನೀವು ಅದರಾಗ ಇಲ್ಲೇ ಇಲ್ಲ."

"ಯಾರ ಮಾಡಿದ್ದಿದು?"

"ನೀವ ರಿ. ಪೂಜಾದ ದಿನ."

ಶಂಭುಲಿಂಗ ನೆನಪಿಸಿಕೊಂಡ. ಬೀರವ್ವನ ಕೈಗುಣ ದೊಡ್ಡದೆಂಬುದು ಆ ಗೋದಾಮಿನ ನಂಬಿಕೆ. ಹಂಗಾಮಿನ ಮೊದಲ ಚೀಲವನ್ನು ಅವಳೇ ಮುಟ್ಟಬೇಕು, ಹೊಸ ತಕ್ಕಡಿಗೆ ಅವಳೇ ಮೊದಲ ಕಾಯಿ ಹಾಕಬೇಕು. ಮಷೀನು ಬಂದ ದಿನ ತೆಂಗಿನಕಾಯಿ ಒಡೆದು, ಮೊದಲ ಬೆರಳು ಬೀರವ್ವನದೇ ಬೀಳಲಿ ಎಂದವನು ಅವನೇ. ಮಷೀನು ಅದನ್ನು ಅಕ್ಷರಶಃ ಪಾಲಿಸಿತ್ತು. ಮಾರಿದವನಿಗೆ ಫೋನು ಹಚ್ಚಿದರೆ ಆ ನಂಬರು ಚಾಲ್ತಿಯಲ್ಲೇ ಇರಲಿಲ್ಲ.

ಹೀಗಾಗಿ ಬೀರವ್ವನನ್ನು ಬಿಡಿಸಬೇಕಾದರೂ ಬೀರವ್ವನೇ ಬೆರಳು ಇಡಬೇಕಾಯಿತು. ಶಂಭುಲಿಂಗ ಎದ್ದು ಶೆಡ್ಡಿಗೆ ನಡೆದ. ಯಜಮಾನಿಕೆ ತನಗೆ ಬಿಟ್ಟುಕೊಡು ಎಂದು ಅವಳನ್ನು ಕೇಳಿದ. ಕೇಳುವ ಧ್ವನಿಯನ್ನು ಅವನು ಹುಡುಕಿ ತರಬೇಕಾಯಿತು.

ಬೀರವ್ವ ನಾಗರತ್ನಾಳ ಕಡೆ ನೋಡಿದಳು. "ನಿನ್ನ ಹಾಳ್ಯಾಗ ಈ ಹೆಣ್ಣಮಕ್ಕಳಿಗೆ ಏನರ ಬರದೀಯೇನವಾ?"

ಬರೆದಿದ್ದಳು, ಕೊನೆಯ ಹಾಳೆಯಲ್ಲಿ. ಸವೆದ ಬೆರಳಿನವರಿಗೆ ಕಾರ್ಡು ಕೊಡಬೇಕು, ಮಷೀನಿಗೆ ಕಾರ್ಡು ಓದುವ ಸೌಲಭ್ಯ ಮೊದಲಿನಿಂದಲೂ ಇದೆ, ಸಾಜಿಯಾಳ ಎರಡು ದಿನ ಹಾಜರಿ ಸರಿಪಡಿಸಬೇಕು.

"ಅಷ್ಟಕ್ಕೂ ಹೂಂ ಅನ್ರಿ ಸಾವ್ಕಾರ್ರ. ಆಮ್ಯಾಲ ಬಳ್ಳು ಇಡ್ತೇನಿ."

ಶಂಭುಲಿಂಗ ಸೀನು ತಡೆದವನಂತೆ ಮುಖ ಮಾಡಿ ಹೂಂ ಎಂದ. ಬೀರವ್ವ ಹೆಬ್ಬೆರಳು ಇಟ್ಟಳು. ನಾಗರತ್ನಾ ಗುಂಡಿ ಒತ್ತಿ, ಈಗ ನಿಮ್ಮದು ಎಂದಳು. ಅವನು ಹೆಬ್ಬೆರಳು ಇಟ್ಟ.

ಮತ್ತೊಮ್ಮೆ ಪ್ರಯತ್ನಿಸಿ ಎಂದಿತು ಮಷೀನು.

ಒರೆಸಿ ಇಟ್ಟ. ಮತ್ತೊಮ್ಮೆ. ತೋರುಬೆರಳು, ನಡುಬೆರಳು, ಎಡಗೈ. ಮೂವತ್ತು ವರ್ಷ ಪೇಟೆಯಲ್ಲಿ ಚೀಲಚೀಲದಿಂದ ಕಾಯಿ ಎತ್ತಿ, ಮುರಿದು, ಬೆರಳಲ್ಲಿ ತಿಕ್ಕಿ ಬಣ್ಣ ನೋಡಿದವನು ಅವನು. ಒಂಬತ್ತು ಹೆಂಗಸರು ತಲೆ ಬಗ್ಗಿಸಿ ಬಹಳ ಶ್ರದ್ಧೆಯಿಂದ ತೊಟ್ಟು ಬಿಡಿಸುತ್ತಿದ್ದರು. ಗುತ್ತೆವ್ವನಿಗೆ ಕೆಮ್ಮು ಬಂತು. ಶಂಭುಲಿಂಗ ತನ್ನ ಬೆರಳ ತುದಿಗಳನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಸಾಜಿಯಾಳ ಕೈ ಕೇಳಿ ಅದನ್ನೂ ನೋಡಿದ.

"ಹನ್ನೊಂದು ಕಾರ್ಡು ತರಸು ತಂಗಿ" ಎಂದ.

ಒಂಬತ್ತು ಹೆಂಗಸರಿಗೆ ಒಂಬತ್ತು, ಯಜಮಾನಿಕೆಗೆಂದು ಅವನಿಗೊಂದು. ಇನ್ನೊಂದು ಯಾರಿಗೆ ಎಂದು ನಾಗರತ್ನಾ ಕೇಳಿದಳು. ನಾಳೆ ಬೀರವ್ವನ ಬೆರಳು ಮತ್ತೆ ಹಂಚಿಗೆ ತಾಗಿದರೆ ಎಂದ. ಅಪಾಯವನ್ನು ಮುಂಚೆಯೇ ಊಹಿಸುವುದು ಅವಳ ಕೋರ್ಸಿನ ಎರಡನೆಯ ವರ್ಷದ ಪಾಠ.

ವರದಿಗೆ ಸಹಿ ಅಲ್ಲಿಯೇ ಆಯಿತು, ಚೀಲದ ಮೇಲೆ ಹಾಳೆ ಇಟ್ಟು. ಮಾಲಕರ ಸಹಿ ಎಂದಿದ್ದ ಜಾಗದಲ್ಲಿ ತನ್ನ ಹೆಸರು ಬರೆದ ಶಂಭುಲಿಂಗ, ಪೆನ್ನನ್ನು ಬೀರವ್ವನ ಕಡೆ ಚಾಚಿದ.

"ನೀನೂ ಹಾಕವಾ. ನಿನ್ನೀತನಕಾ ಮಾಲಕಿ ನೀನ ಇದ್ದಿ."

ಬೀರವ್ವ ಸೆರಗಿಗೆ ಕೈ ಒರೆಸಿಕೊಂಡು ತನ್ನ ಹೆಸರಿನ ಮೂರು ಅಕ್ಷರಗಳನ್ನು ನಿಧಾನವಾಗಿ ಬರೆದಳು. ಒತ್ತಕ್ಷರ ಗೆರೆಯಿಂದ ಕೆಳಗಿಳಿದು ದಿನಾಂಕದ ಮೇಲೆ ಕೂತಿತು. ಶನಿವಾರ ಬೆಳಿಗ್ಗೆ ಹಾವೇರಿಯ ಕಾಲೇಜಿನಲ್ಲಿ ಮೇಡಂ ಅದನ್ನು ನೋಡಿ, ಈ ಎರಡನೆಯ ಸಹಿ ಯಾರದು ಎಂದು ಕೇಳಿದರು.

ಹಿಂದಿನ ಅಡ್ಮಿನ್ ಅವರದು ಎಂದಳು ನಾಗರತ್ನಾ.