ಪೆನ್ನಿನ ಬಳಗದ ಇಂಜಿನಿಯರ್ ಯಶೋಧರಾ

ಹೊಸಪೇಟೆ ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ 'ಮಾಲತೇಶ್ ಜೆರಾಕ್ಸ್' ಎಂಬ ಬೋರ್ಡಿನ ಕೆಳಗೆ ಹದಿನೈದು ವರ್ಷದಿಂದ ಕೂತಿರುವವಳು ಯಶೋಧರಾ. ಮಾಲತೇಶ್ ಎಂಬವರು ಅಂಗಡಿ ಅವಳಿಗೆ ವಹಿಸಿ ಊರು ಬಿಟ್ಟು ಎಷ್ಟೋ ಕಾಲವಾಯಿತು. ಬೋರ್ಡು ಬದಲಿಸು ಎಂದವರಿಗೆಲ್ಲ ಜನಕ್ಕೆ ಇದೇ ರೂಢಿಯಾಗಿದೆ, ಇರಲಿ ಬಿಡಿ ಎನ್ನುತ್ತಾಳೆ. ತನ್ನ ಹೆಸರನ್ನು ಎದ್ದು ಕಾಣುವ ಹಾಗೆ ಎಲ್ಲಿಯೂ ಬರೆಸದಿರುವುದು ಅವಳಿಗೆ ಸಣ್ಣಂದಿನಿಂದ ಬಂದ ಬುದ್ಧಿ.

ಆ ಬುದ್ಧಿ ಸುಮ್ಮನೆ ಬಂದದ್ದಲ್ಲ. ಅವಳು ಹುಟ್ಟಿದ್ದು ಕಂಪ್ಲಿಯಲ್ಲಿ. ಅಪ್ಪ ಓಬಳಪ್ಪ, ಅವ್ವ ಬಸಕ್ಕ ಇಬ್ಬರೂ ಕಂಡವರ ಭತ್ತದ ಗದ್ದೆಗೆ ನಾಟಿಗೂ ಕೊಯ್ಲಿಗೂ ಹೋಗುವವರು. ಅಂಬೇಡ್ಕರ್ ಸಂಘದ ಸಭೆಗಳಿಗೆ ತಪ್ಪದೆ ಹೋಗುತ್ತಿದ್ದ ಓಬಳಪ್ಪ ಬುದ್ಧನ ಹೆಂಡತಿಯ ಹೆಸರನ್ನೇ ಹುಡುಕಿ ಮಗಳಿಗೆ ಇಟ್ಟ. ಹೆಸರು ಚೆಂದವಾಗಿಯೇ ಇತ್ತು. ಆದರೆ ಹೆಸರು ಕೇಳಿದವರು ಎರಡನೆಯದಾಗಿ ಕೇಳುತ್ತಿದ್ದದ್ದು ಯಾವ ಓಣಿ ಎಂದು. ಓಣಿ ಹೇಳಿದ ಮರುದಿನ ಕ್ಲಾಸಿನಲ್ಲಿ ಕೂರುವ ಜಾಗ ಬದಲಾಗುತ್ತಿತ್ತು. ಹೀಗಾಗಿ ಕೋಟೆ ಕಡೆ ಎಂದೋ ಹೊಳೆ ಕಡೆ ಎಂದೋ ಹೇಳಿ ಜಾರಿಕೊಳ್ಳುವುದನ್ನು ಅವಳು ಮಗ್ಗಿ ಕಲಿಯುವ ಮೊದಲೇ ಕಲಿತಳು.

ಹತ್ತನೇ ಕ್ಲಾಸು ಪಾಸಾದ ವರ್ಷವೇ ಅಪ್ಪ ತೀರಿಕೊಂಡ. ಅವ್ವ ಮಗಳು ಹೊಸಪೇಟೆಗೆ ಬಂದು ಚಿತ್ತವಾಡ್ಗಿಯಲ್ಲಿ ಒಂದು ಕೋಣೆ ಹಿಡಿದರು. ಓದು ಅಲ್ಲಿಗೆ ನಿಂತಿತು. 2001ರಲ್ಲಿ ಹಂಪಿಯ ಹಾಳು ಮಂಟಪಗಳನ್ನು ಅಳೆದು ದಾಖಲಿಸಲು ತಂಡವೊಂದು ಬಂದಾಗ ಟೇಪಿನ ತುದಿ ಹಿಡಿಯುವುದಕ್ಕೆ ಆಳು ಬೇಕಾಯಿತು. ಯಶೋಧರಾ ಆ ಕೂಲಿಗೆ ಸೇರಿದಳು.

ತಂಡದವರ ಹತ್ತಿರ ಪೆನ್ನಿನಿಂದ ನಡೆಯುವ ನಾಲ್ಕು ಕಂಪ್ಯೂಟರುಗಳಿದ್ದವು. ಆಗಲೇ ಹತ್ತು ವರ್ಷ ಹಳೆಯವು, ಯಾವುದೋ ಪರದೇಶದ ಕಾಲೇಜು ದಾನ ಕೊಟ್ಟವು. ಇವತ್ತಿನ ಟ್ಯಾಬ್‌ಗಳ ಮುತ್ತಜ್ಜ ಅನ್ನಬಹುದು. ಕೀಲಿಮಣೆಯಿಲ್ಲ, ಮೌಸಿಲ್ಲ, ಶಾಲೆಯ ಪಾಟಿಯಷ್ಟು ಅಗಲದ ಬೂದು ಹಲಗೆ, ಅದರ ಮೇಲೆ ಹಸಿರು ಛಾಯೆಯ ಗಾಜು. ಪೆನ್ನಿನಿಂದ ಕಂಬದ ಅಳತೆ ಬರೆದರೆ ಅದು ಅಂಕಿಗಳನ್ನು ಓದಿಕೊಂಡು ಅಚ್ಚಿನ ಅಕ್ಷರ ಮಾಡುತ್ತಿತ್ತು. ಮೇಲ್ವಿಚಾರಕ ಒಂದು ದಿನ ಊಟಕ್ಕೆ ಹೋದಾಗ ಯಶೋಧರಾ ಅದರ ಮೇಲೆ ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆದು ನೋಡಿದಳು. ಎರಡು ಅಕ್ಷರ ತಪ್ಪಿತು, ಮಿಕ್ಕಿದ್ದನ್ನು ಸರಿಯಾಗಿ ಓದಿತು. ಅವಳ ಅಕ್ಷರವನ್ನು ಅಷ್ಟು ಗಮನ ಕೊಟ್ಟು ಓದಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅವತ್ತು ಹತ್ತಿದ ಹುಚ್ಚು ಇಳಿಯಲೇ ಇಲ್ಲ.

ಹಂಪಿಯ ಬಿಸಿಲು ಯಂತ್ರಗಳಿಗೆ ಆಗಿಬರಲಿಲ್ಲ. ಬಂಡೆಗಳು ಕಾದ ಮೇಲೆ ಪೆನ್ನು ಇಟ್ಟಲ್ಲಿ ಗೆರೆ ಬೀಳದೆ ಬೆರಳಗಲ ಆಚೆ ಬೀಳುತ್ತಿತ್ತು. ತಂಡದವರು ಬೈದು, ಮಧ್ಯಾಹ್ನದ ಕೆಲಸವನ್ನೇ ಬಿಟ್ಟರು. ಗೆರೆ ಎತ್ತೆತ್ತಲೋ ಓಡುವುದಿಲ್ಲ, ಯಂತ್ರ ಕಾದಷ್ಟೂ ಲೆಕ್ಕ ತಪ್ಪದೆ ಬಲಕ್ಕೇ ಸರಿಯುತ್ತದೆ ಎಂದು ಕಂಡುಕೊಂಡವಳು ಟೇಪು ಹಿಡಿಯುವ ಈ ಹುಡುಗಿ. ಹೇಳಿದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ವರ್ಷಕ್ಕೆ ತಂಡ ಊರು ಬಿಡುವಾಗ, ಕೆಟ್ಟು ಹೋಗಿದೆ ಎಂದು ಒಂದು ಯಂತ್ರವನ್ನು ಅವಳ ಕೈಗೆ ಕೊಟ್ಟು ಹೋಯಿತು. ಒಳಗಿನ ಒಂದು ತಂತಿ ಬಿಟ್ಟಿತ್ತು, ಅಷ್ಟೇ. ರೇಡಿಯೋ ರಿಪೇರಿಯವನು ಬೆಸುಗೆ ಹಾಕಿಕೊಟ್ಟ.

ಆ ಯಂತ್ರ ಮಾಡುವುದನ್ನು ಕಂಪನಿ ಯಾವತ್ತೋ ನಿಲ್ಲಿಸಿತ್ತು. ಆದರೆ ಅದನ್ನು ಬಿಡಲಾರದ ಮುನ್ನೂರು ಚಿಲ್ಲರೆ ಮಂದಿ ಲೋಕದ ಮೂಲೆಮೂಲೆಯಲ್ಲಿ ಇದ್ದು, ಮೇಲ್‌ನಲ್ಲಿ ಒಂದು ಬಳಗ ಕಟ್ಟಿಕೊಂಡು, ತಾವೇ ಅದಕ್ಕೆ ಹೊಸ ಪ್ರೋಗ್ರಾಂ ಬರೆಯುತ್ತಿದ್ದರು. ಸೈಬರ್ ಕೆಫೆಯಲ್ಲಿ ಯಶೋಧರಾ ಅವರನ್ನು ಹುಡುಕಿ ಹಿಡಿದಳು. ಡಿಕ್ಷನರಿ ಮಗ್ಗುಲಲ್ಲಿಟ್ಟುಕೊಂಡು ನಾಲ್ಕು ಪದದ ಪ್ರಶ್ನೆ ಕಳಿಸಿದಳು. ಮರುದಿನವೇ ಹೆಂಡ್ರಿಕ್ ಎಂಬ ಹಾಲೆಂಡಿನವನು ಎರಡು ಪುಟದ ಉತ್ತರ ಬರೆದಿದ್ದ. ಯಂತ್ರದೊಳಗೇ, ಪೆನ್ನಿನಿಂದಲೇ, ಒಂದೊಂದು ಸಾಲಾಗಿ ಪ್ರೋಗ್ರಾಂ ಬರೆಯುವುದನ್ನು ಕಲಿಸಿಕೊಟ್ಟವನು ಅವನೇ. ಬಳಗದಲ್ಲಿ ಎಲ್ಲರೂ ಅವನನ್ನು ಪ್ರೊಫೆಸರ್ ಎನ್ನುತ್ತಿದ್ದರು. ಕೆಟ್ಟ ಅಕ್ಷರವನ್ನು ಯಂತ್ರ ಹೇಗೆ ಓದಬೇಕು ಎಂಬುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ.

ಎರಡು ಬೇಸಿಗೆ ಕೂತು ಯಶೋಧರಾ ಆ ಸರಿಯುವ ಗೆರೆಯನ್ನು ಮತ್ತೆ ಪೆನ್ನಿನ ಮೊನೆಗೆ ತರುವ ಪ್ರೋಗ್ರಾಂ ಬರೆದಳು. ಬಳಗದವರಿಗೆ ಇದು ಹಬ್ಬವಾಯಿತು. ಅವರ ಊರಿನಲ್ಲಿ ಬಿಸಿಲಿಲ್ಲದಿದ್ದರೂ ಹಳೆಯ ಯಂತ್ರಗಳು ತಾವಾಗಿಯೇ ಕಾದು ಅದೇ ರೋಗ ಹಿಡಿಸಿಕೊಂಡಿದ್ದವು. ಅವರು ಅದಕ್ಕೆ 'ಹೊಸಪೇಟೆ ತಿದ್ದುಪಡಿ' ಎಂದು ಹೆಸರಿಟ್ಟರು. ಆಗ ಯಾರೋ ಒಬ್ಬ, ನೀವು ಯಾವ ಕಂಪನಿಯಲ್ಲಿ ಇಂಜಿನಿಯರ್ ಎಂದು ಕೇಳಿದ.

ಇಲ್ಲಿ ಯಾರೂ ಓಣಿ ಕೇಳುವುದಿಲ್ಲ ಎಂದು ಹಿಗ್ಗಿದ್ದವಳಿಗೆ ಇದು ಅದೇ ಪ್ರಶ್ನೆಯಾಗಿ ಕೇಳಿಸಿತು. ಜೆರಾಕ್ಸ್ ಅಂಗಡಿ, ಹತ್ತನೇ ಕ್ಲಾಸು ಎಂದರೆ ಕೂರುವ ಜಾಗ ಬದಲಾದೀತು ಎಂದು ಹೆದರಿದಳು. ಸುಳ್ಳು ಹೇಳಲಿಲ್ಲ. ಗಣಿ ಕಡೆ ಎಂದು ಬರೆದು ಸುಮ್ಮನಾದಳು. ಅವರು ಇಂಜಿನಿಯರ್ ಯಶೋಧರಾ ಎಂದೇ ಕರೆಯತೊಡಗಿದರು, ಅವಳು ತಿದ್ದಲಿಲ್ಲ. ಇಂಗ್ಲಿಷ್ ಬಾರದ್ದಕ್ಕೆ ಅವಳು ಚಿಕ್ಕ ಚಿಕ್ಕ ವಾಕ್ಯ ಬರೆದರೆ, ದೊಡ್ಡ ಹುದ್ದೆಯವರು, ಮಾತು ಕಮ್ಮಿ ಎಂದು ಅವರು ತಿಳಿದರು. ಹತ್ತನೇ ಕ್ಲಾಸು ಅಂದರೆ ಕಳ್ಳತನವೇನು? ಅಲ್ಲ. ಆದರೆ ಮುಚ್ಚಿಟ್ಟ ಮೇಲೆ ಯಾವುದೂ ಕಳ್ಳತನದ ಮಾಲಿನ ಹಾಗೇ ಭಾರವಾಗುತ್ತದೆ.

ಬಳಗದಲ್ಲಿ ಒಂದು ಪದ್ಧತಿಯಿತ್ತು. ಕೆಲಸದ ಮಾತನ್ನು ಟೈಪ್ ಮಾಡಬಹುದು. ಹೊಸ ವರ್ಷಕ್ಕೋ, ಯಾರಿಗಾದರೂ ಕಾಯಿಲೆಯಾದಾಗಲೋ, ಉಪಕಾರ ನೆನೆಯುವಾಗಲೋ ಪೆನ್ನಿನಿಂದ ಗಾಜಿನ ಮೇಲೆ ಬರೆದು, ಆ ಬರಹವನ್ನೇ ಚಿತ್ರವಾಗಿ ಕಳಿಸಬೇಕು. ಫೋಟೋ ಯಾರೂ ಹಾಕುತ್ತಿರಲಿಲ್ಲ. ಹೀಗಾಗಿ ಅವರಲ್ಲಿ ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲಿಲ್ಲ, ಅಕ್ಷರ ಮಾತ್ರ ಕತ್ತಲಲ್ಲಿಯೂ ಗುರುತು ಸಿಗುವಷ್ಟು ಗೊತ್ತಿತ್ತು. ಹೆಂಡ್ರಿಕ್ ಏಳಕ್ಕೆ ನಡುವೆ ಅಡ್ಡಗೆರೆ ಹಾಕುತ್ತಿದ್ದ, ಸಾಲಿನ ಕೊನೆಯನ್ನು ಬಾಲದಂತೆ ಕೆಳಗೆಳೆಯುತ್ತಿದ್ದ. ಯಶೋಧರಾಳ ಇಂಗ್ಲಿಷ್ ಅಕ್ಷರಗಳು ಕನ್ನಡ ಅಕ್ಷರಗಳಂತೆ ದುಂಡಗೆ, ಒಂದೊಂದರ ತಲೆಯ ಮೇಲೂ ಸಣ್ಣದೊಂದು ಕೊಂಕು. ಅವಳದನ್ನು ನೋಡಿದರೆ ಯಂತ್ರಕ್ಕೂ ಸಂತೋಷವಾಗುತ್ತದೆ ಎಂದು ಅವನು ಒಮ್ಮೆ ಬರೆದಿದ್ದ. ಒಂದು ಭಾನುವಾರ ಅವಳು ಸಂಡೂರಿನ ನಾರಿಹಳ್ಳಕ್ಕೆ ಯಂತ್ರ ಒಯ್ದು, ಗುಡ್ಡಗಳ ಚಿತ್ರ ಬರೆದು ಅವನಿಗೆ ಕಳಿಸಿದ್ದಳು. ಹನ್ನೊಂದು ವರ್ಷ ಹೀಗೇ ನಡೆಯಿತು. ಮುನ್ನೂರಿದ್ದ ಬಳಗ ಸೊರಗಿ ಇಪ್ಪತ್ತಾಯಿತು.

2017ರ ಜನವರಿಗೆ ಇಂಡಿಯಾಕ್ಕೆ ಬರುತ್ತಿದ್ದೇನೆ, ಹೊಸಪೇಟೆಗೂ ಬಂದೇನು ಎಂದು ಹೆಂಡ್ರಿಕ್ ಬರೆದ. ಅವಳಿಗೆ ಬರಲಿ ಎಂಬ ಆಸೆ, ಬಂದರೆ ಎಲ್ಲ ಬಯಲಾಗುತ್ತದೆಂಬ ಭಯ. ಆ ತಿಂಗಳು ಕೆಲಸದ ಮೇಲೆ ಬೆಂಗಳೂರಿನಲ್ಲಿರುತ್ತೇನೆ ಎಂದು ಟೈಪ್ ಮಾಡಿದಳು. ಅದೊಂದು ಮಾತ್ರ ನೇರವಾದ ಸುಳ್ಳು. ಪೆನ್ನಿನಿಂದ ಬರೆಯಲು ಕೈ ಬರಲಿಲ್ಲ.

ಊರಿಗೆ ಬಂದವರು ನೀರಿಗೆ ಬಾರದಿರುತ್ತಾರೆಯೇ? ಲಾಡ್ಜಿನಲ್ಲಿ ಪಾಸ್‌ಪೋರ್ಟಿನ ಜೆರಾಕ್ಸ್ ಕೇಳುತ್ತಾರೆ, ಜೆರಾಕ್ಸಿಗೆ ಎಲ್ಲರೂ ಈ ಓಣಿಗೇ ಬರಬೇಕು. ಒಂದು ಬೆಳಿಗ್ಗೆ ಉದ್ದನೆಯ, ಬಾಗಿದ ಬೆನ್ನಿನ ಮುದುಕನೊಬ್ಬ ಬಂದು, ಗದ್ದಲದಲ್ಲಿ ಮಾತು ಕೇಳಿಸದೆಂದು ಒಂದು ಚೀಟಿ ಮುಂದಿಟ್ಟ. ಏಳು ಪುಟದ ಎರಡೆರಡು ಪ್ರತಿ ಎಂದಿತ್ತು. ಏಳರ ನಡುವೆ ಅಡ್ಡಗೆರೆ. ಸಾಲಿನ ಕೊನೆ ಕೆಳಗಿಳಿದಿತ್ತು. ಪಾಸ್‌ಪೋರ್ಟು ತೆರೆದು ಹೆಸರು ನೋಡುವ ಅಗತ್ಯ ಅವಳಿಗೆ ಬೀಳಲಿಲ್ಲ. ಆದರೂ ನೋಡಿದಳು.

ಕೈ ತನ್ನ ಪಾಡಿಗೆ ತಾನು ಪ್ರತಿ ತೆಗೆಯಿತು. ಅವನ ಅಂಗಿಯ ಸವೆದ ಕಾಲರು ತಿರುವಿ ಹೊಲಿದದ್ದು. ಇಷ್ಟು ಬಡ ಅಂಗಿಯ ಪ್ರೊಫೆಸರ್ ಇರುತ್ತಾನೆಯೇ ಎಂದು ಒಂದು ಗಳಿಗೆ ಅನಿಸಿ ಮರೆತುಹೋಯಿತು. ಅವನು ಹಣ ಕೊಟ್ಟ ಮೇಲೆ ಒಂದು ಖಾಲಿ ಹಾಳೆ, ಪೆನ್ನು ಅವಳ ಮುಂದೆ ಸರಿಸಿ, ಸಂಡೂರಿನ ನಾರಿಹಳ್ಳಕ್ಕೆ ಯಾವ ಬಸ್ಸು, ಎಲ್ಲಿ ಇಳಿಯಬೇಕು, ವಾಪಸ್ ಎಷ್ಟು ಗಂಟೆಗೆ, ಕಂಡಕ್ಟರಿಗೆ ತೋರಿಸಲು ಕನ್ನಡದಲ್ಲಿಯೂ ತನಗೆ ಇಂಗ್ಲಿಷಿನಲ್ಲಿಯೂ ಬರೆದುಕೊಡುವಿರಾ ಎಂದು ಬಗ್ಗಿ ಗಟ್ಟಿಯಾಗಿ ಕೇಳಿದ. ಹಂಪಿ ನೋಡಲು ಬಂದವರು ಯಾರೂ ನಾರಿಹಳ್ಳ ಕೇಳುವುದಿಲ್ಲ. ಅವನು ಅವಳ ಚಿತ್ರವನ್ನು ಹುಡುಕಿಕೊಂಡು ಹೊರಟಿದ್ದ.

ಒಂದು ಸಾಲು ಬರೆದರೆ ಸಾಕಿತ್ತು. ಹೆಸರು ಹೇಳುವುದು ಬೇಡ, ಸಮಜಾಯಿಷಿ ಬೇಡ. ಸಂಡೂರು ಎಂದು ಇಂಗ್ಲಿಷಿನಲ್ಲಿ ಬರೆದರೆ ಮೊದಲ ಅಕ್ಷರದ ಕೊಂಕು ನೋಡಿದೊಡನೆ ಅವನು ತಲೆಯೆತ್ತುತ್ತಿದ್ದ. ಯಶೋಧರಾ ಪೆನ್ನು ಹಿಡಿದಳು. ತನ್ನ ಹಿಂದೆ ಮಸಿ ಹತ್ತಿದ ಗೋಡೆ, ಆಧಾರ್ ಲ್ಯಾಮಿನೇಶನ್ ಎಂಬ ಚೀಟಿ, ತನ್ನ ಸವೆದ ಚಪ್ಪಲಿ ಎಲ್ಲವೂ ಅವಳಿಗೆ ಅವನ ಕಣ್ಣಿನಿಂದ ಕಂಡವು. ಪಕ್ಕದಲ್ಲಿ ಆಟೋ ನಿಲ್ಲಿಸಿಕೊಂಡಿದ್ದ ಭರಮಣ್ಣನನ್ನು ಕರೆದು ಪೆನ್ನು ಅವನ ಕೈಗಿಟ್ಟಳು.

"ನೀನ ಬರದುಬಿಡಕ್ಕ. ನನ್ನ ಅಕ್ಷರ ಕೋಳಿ ಕೆದರಿದಂಗ ಇರ್ತಾವ," ಎಂದ ಭರಮಣ್ಣ.

"ನನ್ನ ಕೈ ಭಾಳ ನೋಯಾಕತ್ತೈತಣ್ಣ. ನೀನ ಬರಿ."

ಭರಮಣ್ಣ ನಾಲಿಗೆ ಕಚ್ಚಿಕೊಂಡು ಎರಡೂ ಭಾಷೆಯಲ್ಲಿ ನಾಲ್ಕು ಸಾಲು ಬರೆದ. ಹೆಂಡ್ರಿಕ್ ಅದನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಮಡಚಿ ಜೇಬಿಗಿಟ್ಟು, ಇಬ್ಬರಿಗೂ ಕೈ ಮುಗಿದು ಹೋದ. ಈ ಊರಿನ ಯಶೋಧರಾ ಗೊತ್ತೇ ಎಂದು ಒಂದು ಮಾತೂ ಕೇಳಲಿಲ್ಲ. ತಾನೇ ಅಡಗಿಕೊಂಡವಳಿಗೆ ಅವನು ಹುಡುಕಲಿಲ್ಲವೆಂದು ನೋವಾಯಿತು. ಮನುಷ್ಯರ ಮನಸ್ಸೇ ಹಾಗೆ.

ಮರುವರ್ಷ ಮಳೆಗಾಲದಲ್ಲಿ ಹೆಂಡ್ರಿಕ್ ತೀರಿಕೊಂಡನೆಂದು ಅವನ ಮಗಳು ಮಾರಿಕೆ ಬಳಗಕ್ಕೆ ತಿಳಿಸಿದಳು. ಯಶೋಧರಾ ಎಂಟು ದಿನ ಯಂತ್ರ ಮುಟ್ಟಲಿಲ್ಲ. ಒಂಬತ್ತನೆಯ ದಿನ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು, ಗಾಜಿನ ಮೇಲೆ ತನ್ನ ದುಂಡು ಅಕ್ಷರದಲ್ಲಿ ಎಲ್ಲವನ್ನೂ ಬರೆದಳು. ನಾನು ಇಂಜಿನಿಯರ್ ಅಲ್ಲ. ಹತ್ತನೇ ಕ್ಲಾಸು ಓದಿದ್ದೇನೆ. ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತೇನೆ. ಪ್ರೊಫೆಸರ್ ನನ್ನ ಅಂಗಡಿಗೆ ಬಂದಿದ್ದರು, ನಾನು ಬರೆದುಕೊಡಲಿಲ್ಲ. ಬಳಗದಿಂದ ಹೊರಗೆ ಹಾಕಿದರೂ ಸರಿ ಎಂದು ಕಳಿಸಿಬಿಟ್ಟಳು.

ಉತ್ತರಗಳು ಒಂದೊಂದಾಗಿ ಬಂದವು. ಯಾರೂ ಬೈದಿರಲಿಲ್ಲ. ಒಬ್ಬ ತಾನು ಬಸ್ಸು ಓಡಿಸುವವನೆಂದು ಬರೆದಿದ್ದ. ಇನ್ನೊಬ್ಬಳು ಆಸ್ಪತ್ರೆಯ ಅಡುಗೆಮನೆಯಲ್ಲಿದ್ದಳು. ಇಪ್ಪತ್ತರಲ್ಲಿ ಇಂಜಿನಿಯರುಗಳೆಂದರೆ ಐದೇ ಜನ. ಕೊನೆಗೆ ಮಾರಿಕೆಯದು ಬಂದಿತು, ಅವಳಿಗೊಬ್ಬಳಿಗೇ. ತಂದೆ ಯಾವ ಕಾಲೇಜಿನಲ್ಲೂ ಪಾಠ ಹೇಳಿದವರಲ್ಲ. ಮೂವತ್ತೆಂಟು ವರ್ಷ ಅಂಚೆಯ ವಿಂಗಡಣೆ ಕಚೇರಿಯಲ್ಲಿ, ಬೇರೆ ಯಾರೂ ಓದಲಾರದ ವಿಳಾಸಗಳನ್ನು ಓದಿ ಚೀಲಕ್ಕೆ ಹಾಕುವುದೇ ಅವರ ಕೆಲಸ. ಯಾರೋ ತಮಾಷೆಗೆ ಪ್ರೊಫೆಸರ್ ಎಂದರು, ಅವರು ತಿದ್ದಲಿಲ್ಲ. ನೀವು ಬೆಂಗಳೂರಿನಲ್ಲಿದ್ದೀರಿ ಎಂದು ತಿಳಿದಾಗ ಅವರಿಗೆ ಸಮಾಧಾನವಾಯಿತು. ಅಷ್ಟು ದೊಡ್ಡ ಇಂಜಿನಿಯರ್ ನನ್ನ ಓದು ವಿಚಾರಿಸಿದರೆ ಏನು ಹೇಳಲಿ ಎಂದು ಹೆದರಿದ್ದರು. ಆದರೂ ನಿಮ್ಮ ಗುಡ್ಡಗಳನ್ನು ನೋಡಿಯೇ ಬರುತ್ತೇನೆಂದು ಹೋದರು.

ಯಶೋಧರಾ ಆ ಕಾಗದವನ್ನು ಪ್ರಿಂಟ್ ತೆಗೆದು ಮನೆಗೆ ಒಯ್ದಳು. ಬಸಕ್ಕ ಹೊಸ್ತಿಲ ಮೇಲೆ ಶೇಂಗಾಕಾಯಿ ಸುಲಿಯುತ್ತಿದ್ದಳು. ಮಗಳು ಪಕ್ಕ ಕೂತು, ಯಂತ್ರ ಸಿಕ್ಕಿದ್ದರಿಂದ ಹಿಡಿದು ಕಾಗದದವರೆಗೆ, ಹದಿನೈದು ವರ್ಷ ಹೇಳದೆ ಉಳಿಸಿದ್ದನ್ನು ಕನ್ನಡದಲ್ಲಿ ಬಿಡಿಸಿ ಬಿಡಿಸಿ ಹೇಳಿದಳು. ಪ್ರೋಗ್ರಾಂ, ಬಳಗ, ತಿದ್ದುಪಡಿ ಯಾವುದೂ ಮುದುಕಿಗೆ ಅರ್ಥವಾದಂತೆ ಕಾಣಲಿಲ್ಲ. ಕಾಯಿ ಸುಲಿಯುವುದನ್ನು ನಿಲ್ಲಿಸಿ ಒಂದೇ ಮಾತು ಕೇಳಿದಳು.

"ಅಷ್ಟು ದೂರದಿಂದ ನಿನ್ನ ಗುಡ್ಡ ನೋಡಾಕ ಬಂದಾನ. ಒಂದು ಕಪ್ ಚಾನಾರ ಕುಡಿಸಿದ್ಯೋ ಇಲ್ಲೋ?"

ಚಹಾದ ಅಂಗಡಿ ಅವಳ ಅಂಗಡಿಯಿಂದ ಹತ್ತು ಹೆಜ್ಜೆ. ಬೇರೆ ಪರದೇಶದವರಿಗೆ, ಬಿಸಿಲಿಗೆ ಬಳಲಿ ಬಂದವರಿಗೆ, ಹೆಸರೂ ಕೇಳದೆ ಎಷ್ಟೋ ಸಲ ತರಿಸಿಕೊಟ್ಟಿದ್ದಳು.

"ಇಲ್ಲಬೇ," ಎಂದಳು ಯಶೋಧರಾ. ಹೆಂಡ್ರಿಕ್ ಸತ್ತ ಸುದ್ದಿ ಬಂದಾಗ ಬಾರದಿದ್ದ ಅಳು ಆಗ ಬಂದಿತು.